ಮಳೆ ಕಾಣದ ಪೆಟ್ಟಿಗೆ

ಮರವಂತೆಯಲ್ಲಿ ನನ್ನ ಯಂತ್ರದ ಬಗ್ಗೆ ಓಡಾಡುವ ಕಥೆ ಒಂದೇ: ಓದಿದವ ಕರೆಂಟಿನ ಚಪ್ಪರ ಮಾಡಿದ, ಮಳೆ ಬಂದರೂ ಅದು ಮುಚ್ಚಲಿಲ್ಲ. ಮೊನ್ನೆ ದೋಣಿಗೆ ಬಳಿಯುವ ಹೊನ್ನೆಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ನನಗೆ ಮತ್ತೆ ವಾದದ ಹುಕಿ ಬಂತು. ನೀವೇ ತೀರ್ಪು ಕೊಡಿ. ನನ್ನ ಸರ್ಕ್ಯೂಟಿನಲ್ಲಿ ತಪ್ಪಿರಲಿಲ್ಲ.

ಹೆದ್ದಾರಿ ಇನ್ನೂ ಅಗಲವಾಗದ ಕಾಲ. ನಾನು ಡಿಪ್ಲೊಮಾ ಕೊನೆಯ ವರ್ಷ. ಚರ್ಚಾಸ್ಪರ್ಧೆಯ ಕಪ್ಪುಗಳಿಂದ ತಲೆ ಭಾರ. ಸಿಗಡಿ ಒಣಗಿಸಿ ಮಾರುವ ಚಿಕ್ಕಿಗೆ, ಅಂದರೆ ನನ್ನ ಚಿಕ್ಕಮ್ಮನಿಗೆ, ಹೊತ್ತಲ್ಲದ ಹೊತ್ತಿನ ಮಳೆಯದೇ ಹೆದರಿಕೆ. ಒಮ್ಮೆ ನೆನೆದರೆ ಮಳೆಗಾಲದ ಜೀವನವೇ ಗೊಬ್ಬರ. ನಾನು ಮಾತು ಕೊಟ್ಟೆ: ಹನಿ ಬಿದ್ದೊಡನೆ ತಾನೇ ಟರ್ಪಾಲು ಎಳೆದುಕೊಳ್ಳುವ ಚಪ್ಪರ. ಸರ್ಕ್ಯೂಟ್ ನನ್ನದು, ಮರದ ಕೆಲಸ ದೋಣಿ ಕಟ್ಟುವ ಶೀನಾಚಾರ್ರದು. ಅವರು ಕಡಲ ಬದಿಯಲ್ಲಿ, ನಾನು ನನ್ನ ಕೋಣೆಯಲ್ಲಿ. ನಡುವೆ ಓಡಾಡಿದ್ದು ಅಳತೆಯ ಚೀಟಿ ಮಾತ್ರ.

ಟರ್ಪಾಲು ಕಟ್ಟಿದ ಅವರ ಗಳುವನ್ನು ನನ್ನ ಮೋಟಾರು ಅಲುಗಿಸಲಿಲ್ಲ. ದೊಡ್ಡ ಮೋಟಾರು ತಂದೆ; ಅದಕ್ಕೆ ದೊಡ್ಡ ಬ್ಯಾಟರಿ. ಆ ಭಾರ ಹೊರಲೆಂದು ಅವರು ಮರ ದಪ್ಪ ಮಾಡಿದರು, ಜೊತೆಗೆ ಗಳುವನ್ನೂ. ಮತ್ತೆ ಮೋಟಾರು. ಮೂರನೇ ಸುತ್ತಿಗೆ ಚಿಕ್ಕಿ ಕೇಳಿದಳು, "ಹ್ವಾಯ್, ಇದ್ರಡಿ ಮೀನ್ ಒಣಗ್ಸುಕಾ, ಇದ್ನೇ ಕಡ್ಲಿಗ್ ಇಳ್ಸುಕಾ?"

ಅಂತೂ ಪರೀಕ್ಷೆಯ ದಿನ ಬಂತು. ಹನಿ ಗುರುತಿಸುವ ನನ್ನ ಪೆಟ್ಟಿಗೆಯ ಮೇಲೆ ಚೆಂಬು ನೀರು ಚಿಮುಕಿಸಿದೆ; ಚಪ್ಪರ ಗುರ್ ಎಂದು ಮುಚ್ಚಿಕೊಂಡಿತು. ಪೆಟ್ಟಿಗೆಯೊಳಗೆ ನೀರು ಇಳಿದದ್ದು ಕಂಡು ಆಚಾರ್ರು ಮುಖ ಕಿವುಚಿದರು. ಗೆದ್ದ ಗುಂಗಿನಲ್ಲಿ ನಾನು ಅದನ್ನು ಗಮನಿಸಲಿಲ್ಲ. ಒಳಗೆಲ್ಲ ಒರೆಸಿಟ್ಟು ಮನೆಗೆ ಬಂದೆ. ಮರುದಿನ ಚಿಕ್ಕಿ ಇದ್ದಬದ್ದ ಸಿಗಡಿಯನ್ನೆಲ್ಲ ಅದರಡಿ ಹರಡಿ, ಧೈರ್ಯವಾಗಿ ಕೊಲ್ಲೂರಿಗೆ ಬಸ್ಸು ಹತ್ತಿದಳು. ಮಧ್ಯಾಹ್ನ ಮಳೆ ಸುರಿಯಿತು. ಚಪ್ಪರ ಬಾಯಿ ತೆರೆದುಕೊಂಡೇ ನಿಂತಿತ್ತು.

ಓಡಿಹೋಗಿ ನೋಡಿದರೆ, ಹನಿ ಇಳಿದು ತಾಮ್ರದ ತಟ್ಟೆಗೆ ಬೀಳಲೆಂದು ಮುಚ್ಚಳದಲ್ಲಿ ನಾನು ಕೊರೆದಿದ್ದ ಒಟ್ಟೆಯೇ ಇಲ್ಲ. ದೋಣಿಯ ಬಿರುಕಿಗೆ ಮಾಡುವಂತೆ ಆಚಾರ್ರು ಹತ್ತಿ ತುರುಕಿ, ಹೊನ್ನೆಣ್ಣೆ ಬಳಿದು ನುಣ್ಣಗೆ ಮಾಡಿದ್ದರು.

"ಒಟ್ಟೆ ಎಂತಕ್ಕೆ ಮುಚ್ಚಿದ್ರಿ, ಆಚಾರ್ರೇ?"

"ಒಟ್ಟೆ ಕಂಡ್ರೆ ಮುಚ್ಚುದ್ ಬಿಟ್ಟ್ ಎಂತ ಮಾಡುದ್ ಮಾರಾಯ? ನಿನ್ ಮರ್ಯಾದಿ ಉಳ್ಸಿದೆ. ಒಳ್ಗೆ ಒಂದ್ ಹನಿ ಹೋಯ್ತಾ, ಕಾಣ್!"

ಹೋಗಿರಲಿಲ್ಲ. ಆಕಾಶವೇ ಹರಿದು ಬೀಳುವಾಗ ನನ್ನ ತಟ್ಟೆ ಒಳಗೆ ಬೆಚ್ಚಗೆ ಕೂತು, ಮಳೆ ಇಲ್ಲ ಎಂಬ ಸತ್ಯವನ್ನೇ ಹೇಳುತ್ತಿತ್ತು. ಅವರ ಕೆಲಸವೂ ಸರಿ, ನನ್ನದೂ ಸರಿ. ಕೊಳೆತದ್ದು ಸಿಗಡಿ ಮಾತ್ರ.

ಆ ಮಳೆಗಾಲ ಚಿಕ್ಕಿ ಬೇರೆಯವರ ಶೆಡ್ಡಿನಲ್ಲಿ ಮೀನು ಕೊಯ್ಯಲು ಹೋದಳು. ನಾನು ಮಾತ್ರ ಈ ವಾದವನ್ನು ಸಿಕ್ಕಸಿಕ್ಕಲ್ಲಿ ಮಂಡಿಸಿ ಗೆಲ್ಲುತ್ತ ಬಂದೆ. ಮೊನ್ನೆಯೂ ಅವಳ ಅಂಗಳದಲ್ಲಿ ಕೂತು ಶುರುಮಾಡಿದವನು, ಆಚಾರ್ರ ತಪ್ಪಿನ ಹತ್ತಿರ ಬಂದು ತಡವರಿಸಿದೆ. ಅವಳು ತಲೆ ಎತ್ತದೆ ಮೀನಿಗೆ ಉಪ್ಪು ಹಚ್ಚುತ್ತಿದ್ದಳು.

"ಚಿಕ್ಕಿ, ಆ ಒಟ್ಟೆ ಎಂತಕ್ಕೆ ಅಂತ ನಾನ್ ಆಚಾರ್ರಿಗೆ ಹೇಳಿದ್ನಾ?"