ಜೇಬಿಲ್ಲದ ಕೋಟು

ಬೆಳಗಿನ ಆರು ಗಂಟೆ. ಎರಡು ಸುತ್ತು ಬೇಲಿಯ ಒಳಗಿನ ಹೊಲದಲ್ಲಿ ಐವತ್ತಾರರ ಹೆಂಗಸೊಬ್ಬರು ಸ್ಟೂಲು ಹತ್ತಿ, ಮೆಕ್ಕೆಜೋಳದ ತುದಿಯ ಗಂಡು ಹೂವಿಗೆ ಕಾಗದದ ಚೀಲ ತೊಡಿಸಿ ಪಿನ್ನು ಹಾಕುತ್ತಿದ್ದಾರೆ. ಇಳಿಯುತ್ತಾರೆ, ಸ್ಟೂಲು ಸರಿಸುತ್ತಾರೆ, ಮತ್ತೆ ಹತ್ತುತ್ತಾರೆ. ಬಿಸಿಲೇರಿ ಹೂವಿನ ಪುಡಿ ಹಾರುವ ಮೊದಲು ಮುನ್ನೂರು ಗಿಡ ಮುಗಿಯಬೇಕು. ಜೊತೆಯವರು ಇಟ್ಟ ಹೆಸರು ‘ಕವರಕ್ಕ’.

ಇದು ಕುಲಾಂತರಿ ಮೆಕ್ಕೆಜೋಳ. ಹೊರಗಿನ ಬೆಳೆಗೆ ಬೆರೆತೀತೇ, ತಿನ್ನಲು ಯೋಗ್ಯವೇ ಎಂದು ಸರ್ಕಾರ ಇನ್ನೂ ಪರೀಕ್ಷಿಸುತ್ತಿದೆ. ಅಲ್ಲಿಯವರೆಗೆ ಒಂದೇ ಒಂದು ಕಾಳೂ ಬೇಲಿ ದಾಟಕೂಡದು. ನಿಯಮದ ಪುಸ್ತಕ ದಿಂಬಿನಷ್ಟು ದಪ್ಪ. ಕವರಕ್ಕ ಅದನ್ನು ಓದಿಲ್ಲ, ಹದಿನಾಲ್ಕು ವರ್ಷದಿಂದ ಪಾಲಿಸುತ್ತಿದ್ದಾರೆ ಅಷ್ಟೆ. ಮೊಣಕಾಲು ನೋವಿನ ಬಗ್ಗೆ ಕೇಳಿದರೆ, “ಅದೂ ನನ್ನ ಜೊತೆ ಕೆಲಸಕ್ಕೆ ಬರುತ್ತೆ, ಸಂಬಳ ಮಾತ್ರ ನನಗೊಬ್ಬಳಿಗೇ” ಎಂದು ನಗುತ್ತಾರೆ.

ಮೂರು ವರ್ಷದ ಹಿಂದೆ ಅವರ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಮೆಕ್ಕೆಜೋಳದ ಸಸಿ ಎದ್ದಿತು. ಸೊಸೆ ಖುಷಿಯಿಂದ ನೀರುಣಿಸಿ ಮೊಣಕಾಲುದ್ದ ಬೆಳೆಸಿದ್ದಳು. ಕವರಕ್ಕನ ಕಣ್ಣಿಗೆ ಅದು ಬಿದ್ದದ್ದು ಆಗಲೇ. ಹೊಲದ ಕೆಲಸಗಾರರು ಮನೆಯಲ್ಲಿ ಮೆಕ್ಕೆಜೋಳ ಬೆಳೆಯುವಂತಿಲ್ಲ, ಅವರು ಬೆಳೆದೂ ಇರಲಿಲ್ಲ. ಬಿತ್ತನೆಯ ದಿನ ಸ್ವೆಟರಿನ ಜೇಬಿಗೆ ಬಿದ್ದ ಕಾಳು ಒಗೆಯುವಾಗ ಉದುರಿತ್ತು.

ಕಿತ್ತು ಒಲೆಗೆ ಹಾಕಿದರೆ ಮುಗಿಯಿತಲ್ಲ ಎಂದ, ಬಸ್ಸು ಓಡಿಸುವ ಮಗ. ಕೆಲಸ ಹೋದೀತೆಂಬ ಭಯ ಅವನಿಗಿಂತ ಅಮ್ಮನಿಗೇ ಹೆಚ್ಚಿತ್ತು.

“ನಾನೂ ಹಾಗೇ ಅಂದುಕೊಂಡೆ,” ಎನ್ನುತ್ತಾರೆ ಕವರಕ್ಕ. “ ಗಿಡಕ್ಕೆ ಕೈಯೂ ಹಾಕಿದೆ. ಆಮೇಲೆ ಅನ್ನಿಸ್ತು, ನನ್ನ ಜೇಬಲ್ಲಿ ಒಂದು ಬಂದಿದೆ ಅಂದ್ರೆ, ಉಳಿದ ಹತ್ತು ಜನರ ಜೇಬಲ್ಲಿ?”

ಮರುದಿನ ತಪಾಸಣೆಗೆ ಬಂದ ಅಧಿಕಾರಿಗೆ ತಾವೇ ಹೇಳಿದರು. ಹನ್ನೊಂದು ಜನರ ಹಿತ್ತಲುಗಳನ್ನೂ ಜಾಲಾಡಿದಾಗ ಇನ್ನೆರಡು ಗಿಡ ಸಿಕ್ಕವು. ಒಂದು ಇನ್ನೇನು ಹೂ ಬಿಡುವುದರಲ್ಲಿತ್ತು. ಮೂರನ್ನೂ ಸುಟ್ಟರು. ಕವರಕ್ಕನನ್ನು ಒಂದು ಹಂಗಾಮು ಹೊರಗಿಟ್ಟರು. ತಿರುಗಿ ಬಂದ ಮೇಲೂ ಜೊತೆಯವರು ಎಷ್ಟೋ ದಿನ ಮಾತು ಬಿಟ್ಟಿದ್ದರು. ಒಬ್ಬರೇ ಕೂತು ಊಟ ಮಾಡಿದ ಆ ದಿನಗಳು ಅವರಿಗೆ ಕೂಲಿ ತಪ್ಪಿದ್ದಕ್ಕಿಂತ ಹೆಚ್ಚು ನೋವು ಕೊಟ್ಟವು.

ಈಗ ಅಲ್ಲಿ ಎಲ್ಲರಿಗೂ ಜೇಬಿಲ್ಲದ ಕೋಟು. ಹೊಸದಾಗಿ ಸೇರಿದವರು ಫೋನು ಎಲ್ಲಿಟ್ಟುಕೊಳ್ಳುವುದು, ಇದನ್ನು ಹೊಲಿಸಿದ ಪುಣ್ಯಾತ್ಮ ಯಾರು ಎಂದು ಗೊಣಗುತ್ತಾರೆ. ಪಕ್ಕದಲ್ಲೇ ಗುಂಡಿ ಹಾಕಿಕೊಳ್ಳುತ್ತಿರುವ ಕವರಕ್ಕ ಅದನ್ನು ಕೇಳಿಸಿಕೊಂಡೇ ಸ್ಟೂಲು ಎತ್ತಿಕೊಂಡು ಹೊಲಕ್ಕೆ ನಡೆಯುತ್ತಾರೆ.

“ಬೈಕೊಳ್ಳಲಿ ಬಿಡಿ,” ಅನ್ನುತ್ತಾರೆ. “ಆಮೇಲಿಂದ ಯಾರ ಹಿತ್ತಲಲ್ಲೂ ಒಂದು ಗಿಡ ಎದ್ದಿಲ್ಲ.”