ಕಲ್ಲಪ್ಪ ಮಾಸ್ತರರ ಒಪ್ಪಿಗೆ

ಕಲ್ಲಪ್ಪ ಮಾಸ್ತರರ ಕಾರನ್ನು ಸೈಕಲ್ಲುಗಳೂ ಹಿಂದೆ ಹಾಕುತ್ತಿದ್ದವು. ಸೊಲ್ಲಾಪುರ ರಸ್ತೆಯಲ್ಲಿ ಆಟೊದವರು ಬೆನ್ನ ಹಿಂದೆ ಬಂದು ಎಷ್ಟೇ ಹಾರ್ನ್ ಹೊಡೆಯಲಿ, ಅವರು ಕಿಟಕಿಯಿಂದ ಕೈ ಹೊರಗೆ ಹಾಕಿ, "ನಿಮಗ ಅವಸರ ಐತಿ, ಮುಂದ ಹೋಗ್ರಿ. ನನಗೇನ ಗಡಿಬಿಡಿ ಇಲ್ಲ" ಅನ್ನುತ್ತಿದ್ದರು. ತಿಕೋಟಾದ ಸರ್ಕಾರಿ ಶಾಲೆಯಲ್ಲಿ ನನಗೆ ಗಣಿತ ಕಲಿಸಿದ್ದೂ ಇದೇ ವೇಗದಲ್ಲಿ. ಕೊನೆಯ ಬೆಂಚಿನವನಿಗೆ ಲೆಕ್ಕ ತಿಳಿಯುವತನಕ ಮೊದಲ ಬೆಂಚಿನವರು ಆಕಳಿಸುತ್ತ ಕೂರಬೇಕಿತ್ತು. ಆ ಕೊನೆಯ ಬೆಂಚಿನವನು ಬಹಳ ಸಲ ನಾನೇ. ಇಂಥವರ ಮೇಲೆ ಅಜಾಗರೂಕತೆಯಿಂದ ಕಾರು ಓಡಿಸಿ ಸಾವಿಗೆ ಕಾರಣರಾದರೆಂದು ಕೇಸು ಬಿದ್ದಾಗ ಜಲನಗರದ ಅವರ ಓಣಿಯಲ್ಲಿ ಒಬ್ಬರೂ ನಂಬಲಿಲ್ಲ.

ನಡೆದದ್ದು ಇಷ್ಟು. ಬಬಲೇಶ್ವರದ ಹತ್ತಿರ, ಮುಸ್ಸಂಜೆಯಲ್ಲಿ, ಹೊಲದ ದಾರಿಯಿಂದ ದೀಪವಿಲ್ಲದ ಬೈಕೊಂದು ನುಗ್ಗಿ ಅವರ ಕಾರಿಗೆ ಬಡಿಯಿತು. ಬೈಕ್ ಓಡಿಸುತ್ತಿದ್ದ ತರುಣ ತೀರಿಕೊಂಡ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಬಂಧುಬಳಗದವರೇ ರೊಟ್ಟಿಯ ಬುತ್ತಿ ಒಯ್ಯುತ್ತಾರೆ. ಮಾಸ್ತರರೂ ಹೆಂಡತಿಯ ಕೈಯಿಂದ ಬುತ್ತಿ ಕಟ್ಟಿಸಿಕೊಂಡು ಹೊರಟರು. ಹೊಡೆದಾರು ಎಂದು ಎಲ್ಲರೂ ತಡೆದರು. ಸತ್ತವನ ತಂದೆ ವಯಸ್ಸಾದ ರೈತ. ಬುತ್ತಿ ಬಿಚ್ಚಿ, ಇವರ ಎದುರೇ ಒಂದು ತುತ್ತು ಉಂಡನಂತೆ.

ಕೇಸು ಹಿಡಿದಿದ್ದ ವಕೀಲರು ಸುಲಭದ ದಾರಿ ತೋರಿಸಿದರು. ತಪ್ಪು ಒಪ್ಪಿಕೊಳ್ಳಿ, ಪರಿಹಾರ ಕೊಟ್ಟು ಆ ಮನೆಯವರ ಜೊತೆ ಕೋರ್ಟಿನಲ್ಲೇ ಒಪ್ಪಂದವಾಗಲಿ, ಮೊದಲ ಅಪರಾಧವೆಂದು ಬಿಟ್ಟುಬಿಡುತ್ತಾರೆ. ಒಪ್ಪಂದದ ದಿನ ಎದುರಿಗೆ ಆ ಮುದುಕ ಕೂತಿದ್ದ. ಆಮೇಲೆ ನ್ಯಾಯಾಧೀಶರು ಮಾಸ್ತರರೊಬ್ಬರನ್ನೇ ಒಳಗೆ ಕರೆದು, ಇದು ನಿಮ್ಮ ಸ್ವಂತ ಇಚ್ಛೆಯೇ ಎಂದು ಕೇಳಿದರು. ಇವರು ಹೌದೆಂದರು. ಆದರೆ ವಕೀಲರು ಹೇಳಿದಂತೆ ಬಿಡಲಿಲ್ಲ, ತೀರ್ಪಿನಲ್ಲಿ ಜೈಲು ಬಂತು. ಜೈಲೆಂದರೆ ನೌಕರಿಯೂ ಹೋದಂತೆಯೇ.

ನಾನೂ ವಕೀಲ. ಗಾಂಧಿ ಚೌಕದ ನನ್ನ ಆಫೀಸಿಗೆ ಅವರ ಹೆಂಡತಿ ಬಂದು, "ಅಪೀಲ್ ಹಾಕಪಾ, ನೀ ಅವರ ಕೈಯಾಗ ಕಲತಾಂವ" ಅಂದರು. ನಾನು ಜೈಲಿಗೆ ಓಡಿದೆ.

"ಸರ್, ಹಿಂಗ ಒಪ್ಪಿಕೊಂಡ ಮ್ಯಾಲೆ ಸಾದಾ ಅಪೀಲ್ ಇಲ್ರಿ. ಕಲಬುರಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಒಪ್ಪಿಗಿ ಮನಸಾರೆ ಕೊಟ್ಟಿದ್ದಲ್ಲ ಅಂತ ತೋರಸಬೇಕು. ಬೈಕಿಗೆ ಲೈಟ್ ಇರಲಿಲ್ಲ, ಅಂವನೇ ಅಡ್ಡ ಬಂದ ಅಂತ ಬರೀತೇನಿ."

"ಅದೊಂದ ಬರೀಬ್ಯಾಡ."

"ಅದಿಲ್ಲಂದ್ರ ಅರ್ಜಿ ನಿಲ್ಲಂಗಿಲ್ರಿ."

"ನಾ ಒಯ್ದ ಬುತ್ತಿ ಉಂಡಾನಪಾ ಆ ಹಿರ್ಯಾ. ನಿನ್ನ ಮಗಂದ ತಪ್ಪ ಅಂತ ಯಾವ ಬಾಯಿಲೆ ಹೇಳ್ಲಿ? ಜೈಲ ಆಗೂದಿಲ್ಲ ಅಂತ ವಕೀಲರು ಹೇಳಿದ್ರು, ಅದನ್ನ ಬರಿ. ಅದು ಖರೆ ಐತಿ."

ಎಷ್ಟು ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. ಅವರು ಹೇಳಿದಷ್ಟೇ ಬರೆದೆ.

ಕಲಬುರಗಿಯಲ್ಲಿ ನಮ್ಮ ಕೇಸು ಕೂಗಿದರು. ನ್ಯಾಯಮೂರ್ತಿಗಳು ಹಾಳೆ ತಿರುವುತ್ತ ಹೋದರು, ಮತ್ತೆ ಮೊದಲಿನಿಂದ ತಿರುವಿದರು. "ನಿಮ್ಮ ಕಕ್ಷಿದಾರರು ತಪ್ಪು ತಮ್ಮದಲ್ಲ ಅಂತ ಎಲ್ಲಿ ಹೇಳಿದ್ದಾರೆ?" ಎಂದು ಕೇಳಿದರು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ಆದರೆ ಅದನ್ನು ಹೇಳುವ ಅಪ್ಪಣೆ ನನಗಿರಲಿಲ್ಲ. ಸರ್ಕಾರಕ್ಕಾಗಲಿ ಆ ಮುದುಕನಿಗಾಗಲಿ ನೋಟಿಸು ಕೂಡ ಕಳಿಸದೆ, ಮೊದಲ ದಿನವೇ ಅರ್ಜಿ ವಜಾ ಆಯಿತು.

ಬಿಡುಗಡೆಯಾದ ಮೇಲೆ ಮಾಸ್ತರರು ಜಲನಗರದ ಮನೆ ಬಿಟ್ಟು ಹೆಂಡತಿಯ ತವರೂರಿಗೆ ಹೋದರು. ನನಗೆ ಮತ್ತೆ ಸಿಗಲಿಲ್ಲ. ವಜಾ ಆದ ಸುದ್ದಿ ಹೇಳಲು ಜೈಲಿಗೆ ಹೋದದ್ದೇ ಕೊನೆಯ ಭೇಟಿ. ನನಗೆ ಅವರ ಮೇಲೆ ಸಿಟ್ಟಿತ್ತು, ಈಗಲೂ ಇದೆ. ಅಂದು ನೌಕರಿಯ ಬಗ್ಗೆ ಕೇಳುತ್ತಾರೆಂದು ಕಾದೆ. ಅವರು ಸರಳಿನ ಹತ್ತಿರ ಬಂದು ದನಿ ತಗ್ಗಿಸಿದರು.

"ನಾ ಹೈಕೋರ್ಟಿಗೆ ಹೋಗಿದ್ದು ಆ ಹಿರ್ಯಾಗ ಗೊತ್ತಾತೇನು?"

"ಇಲ್ರಿ ಸರ್. ನೋಟಿಸ್ ಹೋಗಿಲ್ಲ."

"ಹಂಗಾರ ಚಲೋ ಆತು" ಅಂದರು.