ಕಾಯಿ ಕೇಳಿದರೆ ತಾಯಿ

ಐದು ವರ್ಷ ತುಂಬಿದರೂ ನನ್ನ ಮಗಳ ಬಾಯಲ್ಲಿ ‘ಕ’ ಇರಲಿಲ್ಲ. ‘ಕ’ ಬರಬೇಕಾದಲ್ಲೆಲ್ಲ ‘ತ’ ಬರುತ್ತಿತ್ತು. ಕೊಟ್ಟೂರಿನಲ್ಲೇ ಹುಟ್ಟಿದವಳು ತನ್ನ ಊರನ್ನು ತೊಟ್ಟೂರು ಎನ್ನುತ್ತಿದ್ದಳು. ಒಮ್ಮೆ ಗುಡಿಯಲ್ಲಿ ತೆಂಗಿನಕಾಯಿ ಮುಂದೆ ಚಾಚಿ “ತಾಯಿ ಒಡೀರಿ” ಅಂದಾಗ ಪೂಜಾರಿಯೂ ನಕ್ಕರು, ಹಿಂದೆ ನಿಂತವರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರ ಮಕ್ಕಳಿಗೆಲ್ಲ ಕಾಗುಣಿತ ಬಾಯಿಪಾಠ ಮಾಡಿಸುವವಳ ಮಗಳೇ ಹೀಗಾದರೆ ಹೇಗೆ ಎಂಬ ಚಿಂತೆ ಸದಾ ಕಾಡುತ್ತಿತ್ತು.

ಅದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಮಕ್ಕಳ ಮಾತು ತಿದ್ದುವವರು ನಮ್ಮ ಕಡೆ ಸಿಗುವುದೇ ಅಪರೂಪ. ಹರಪನಹಳ್ಳಿಯಲ್ಲಿ ಒಬ್ಬ ಹಿರಿಯರಿದ್ದಾರೆಂದು ಯಾರೋ ಹೇಳಿದರು. ಶನಿವಾರ ಶಾಲೆ ಬಿಟ್ಟ ಕೂಡಲೇ ಮಗಳನ್ನು ಎಳೆದುಕೊಂಡು ಬಸ್ಸು ಹತ್ತುತ್ತಿದ್ದೆ. ಅವರು ಅವಳನ್ನು ಕನ್ನಡಿಯ ಮುಂದೆ ಕೂರಿಸಿ, ಚಮಚದ ಹಿಡಿಯಿಂದ ನಾಲಿಗೆಯ ತುದಿ ಒತ್ತಿ ಹಿಡಿದು, “ಈಗ ಅನ್ನವ್ವ” ಎನ್ನುತ್ತಿದ್ದರು. ಮೂರನೆಯ ವಾರ ಗಂಟಲಿನಿಂದ ‘ಕ್’ ಬಂತು. ನನ್ನ ಕಣ್ಣು ತುಂಬಿದವು. ಆಮೇಲೆ ಕ, ಕಾ, ಕಿ, ಕೀ, ಒಂದೊಂದನ್ನೂ ಹತ್ತಾರು ಸಲ. ಕನ್ನಡಿಯ ಮುಂದೆ ಎಲ್ಲ ಸರಿಯಾಗಿಯೇ ಬರುತ್ತಿತ್ತು. ಮೆಟ್ಟಿಲಿಳಿದು ಬೀದಿಗೆ ಬಂದರೆ “ಅವ್ವಾ, ತಾಗಿ ನೋಡು” ಎಂದು ಕಾಗೆಯನ್ನು ತೋರಿಸುತ್ತಿದ್ದಳು.

ನನಗೆ ತಾಳ್ಮೆ ಕಡಿಮೆ. ಒಲೆಯ ಮುಂದೆ, ಬಚ್ಚಲಲ್ಲಿ, ಬಸ್ಸಿನಲ್ಲಿ, ಅವಳು ಬಾಯಿ ತೆರೆದರೆ ಸಾಕು, “ತ ಅಲ್ಲ, ಕ ಅನ್ನು, ಕ” ಎಂದು ಮೇಲೆ ಬೀಳುತ್ತಿದ್ದೆ. ಬರಬರುತ್ತ ಅವಳು ಬೇಕಾದ್ದನ್ನು ಕೇಳುವುದು ಬಿಟ್ಟು ಬೆರಳು ತೋರಿಸತೊಡಗಿದಳು. ಆಗ ಹೆದರಿದೆ.

ಹಗರಿಬೊಮ್ಮನಹಳ್ಳಿಗೆ ಎರಡು ವಾರಕ್ಕೊಮ್ಮೆ ಬಳ್ಳಾರಿಯಿಂದ ಒಬ್ಬ ಹುಡುಗಿ ಬರುತ್ತಾಳೆ, ಇದನ್ನೇ ಓದಿದವಳು ಎಂದು ತಿಳಿಯಿತು. ಅಲ್ಲಿಗೂ ಹೋದೆ. ಆಕೆ ಕನ್ನಡಿ ತೆಗೆಯಲಿಲ್ಲ. ಮಗಳ ಜೊತೆ ಒಂದು ತಾಸು ಆಡಿ ಎದ್ದು ಬಂದಳು.

“ನಾಲಿಗಿಗೆ ಏನೂ ಆಗಿಲ್ರೀ ಟೀಚರ್. ಕ ಅನ್ನಾಕ ಬರತೈತಿ ಆಕಿಗೆ. ಆದ್ರ ಕ ಇದ್ದಲ್ಲಿ ತ ಅಂದ್ರ ಅರ್ಥನ ಬದಲಾಗತೈತಿ ಅನ್ನೋದು ಇನ್ನೂ ತಲಿಗೆ ಹೊಕ್ಕಿಲ್ಲ.”

“ಹಂಗಾದ್ರ ಹರಪನಹಳ್ಳಿಗೆ ಅಡ್ಡಾಡಿದ್ದು ದಂಡ ಆತೇನ್ರಿ?”

“ಇಲ್ರಿ. ಅವರು ನಾಲಿಗಿಗೆ ದಾರಿ ತೋರ್ಸ್ಯಾರ. ನಾಲಿಗಿ ಎಲ್ಲಿಡಬೇಕಂತ ಗೊತ್ತಿಲ್ಲದ ಮಕ್ಕಳಿಗೆ ಅಷ್ಟ ಸಾಕು. ಈಕಿಗೆ ಸಾಲೂದಿಲ್ಲ.”

ಚಾಪೆಯ ಮೇಲೆ ಎರಡು ಚಿತ್ರ ಇಟ್ಟಳು: ಒಂದರಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಮಗುವನ್ನೆತ್ತಿಕೊಂಡ ಹೆಂಗಸು. ಮಗಳು “ತಾಯಿ” ಎಂದು ತೆಂಗಿನಕಾಯಿಗೆ ಕೈ ಚಾಚಿದಳು. ಆಕೆ ಹೆಂಗಸಿನ ಚಿತ್ರ ಕೊಟ್ಟಳು. ಮತ್ತೆ ಕೇಳಿದಳು, ಮತ್ತೆ ಅದೇ. ನಾನು “ಕಾಯಿ ಅನ್ನು” ಎನ್ನಲು ಹೋದೆ. ಆಕೆ ನನ್ನನ್ನು ಹೊರಗೆ ಕಳಿಸಿದಳು. ಪಡಸಾಲೆಯಲ್ಲಿ ಕೂರಲಾಗದೆ ಅತ್ತಿಂದಿತ್ತ ಅಡ್ಡಾಡಿದೆ.

ಹೊರಡುವಾಗ ಅಂದಳು: “ಮನ್ಯಾಗ ತಿದ್ದಬ್ಯಾಡ್ರಿ. ಆಕಿ ಏನಂತಾಳೋ ಅಷ್ಟ ಮಾಡ್ರಿ.”

ಸೋಮವಾರ ಬೆಳಿಗ್ಗೆ ಮಗಳು ಜಡೆಗೆ ಕಟ್ಟುವ ರಿಬ್ಬನ್ ತಂದು ಬೆನ್ನು ತಿರುಗಿಸಿ ಕೂತಳು. “ಅವ್ವಾ, ತಟ್ಟು.” ನಾನು ಜಡೆಯ ಮೇಲೆ ಮೆಲ್ಲಗೆ ತಟ್ಟಿದೆ. ತಿರುಗಿ ನೋಡಿದಳು. “ತಟ್ಟು!” ಮತ್ತೆ ತಟ್ಟಿದೆ. “ತಟ್ಟು ಅಲ್ಲ, ತಟ್ಟು!” ಕಣ್ಣಲ್ಲಿ ನೀರು. ಶಾಲೆಗೆ ಹೊತ್ತಾಗುತ್ತಿತ್ತು. ಕಟ್ಟಿಬಿಡೋಣ ಎಂದು ಕೈ ತಾವಾಗಿಯೇ ಮೇಲೇಳುತ್ತಿದ್ದವು. ಮೊಣಕಾಲ ನಡುವೆ ಒತ್ತಿ ಹಿಡಿದೆ. ಅವಳು ರಿಬ್ಬನ್ ಎಸೆದು ಹಾಗೇ ಹೋದಳು. ಆ ದಿನ ತರಗತಿಯಲ್ಲಿ ಏನು ಕಲಿಸಿದೆನೋ ನೆನಪಿಲ್ಲ.

ಎಂಟೊಂಬತ್ತು ದಿನ ಹೀಗೇ ನಡೆಯಿತು. ಒಂದು ಬೆಳಿಗ್ಗೆ ರಿಬ್ಬನ್ನನ್ನು ನನ್ನ ತೊಡೆಯ ಮೇಲಿಟ್ಟು, ಕನ್ನಡಿಯ ಮುಂದೆ ಕಲಿತಂತೆ ನಾಲಿಗೆ ಹಿಂದಕ್ಕೆಳೆದು, “ಕ್... ಕಟ್ಟು” ಅಂದಳು. ಕಟ್ಟಿದೆ. ಗಂಟು ಬಿಗಿಯಾಯಿತು.

“ಮೊದ್ಲ ತಿಳೀತಿತ್ತಲ್ಲ ನಿನಗ?” ಎಂದು ಕೇಳಿದಳು.

“ತಿಳೀತಿತ್ತು” ಅಂದೆ.

“ಮತ್ತ ಯಾತ ತಟ್ಟಿದಿ?”

ಆ ‘ಯಾತ’ವನ್ನು ತಿದ್ದಲು ಹೋಗದೆ ಗಂಟು ಬಿಚ್ಚಿ ಸಡಿಲವಾಗಿ ಮತ್ತೆ ಕಟ್ಟಿದೆ.

ಅಲ್ಲಿಂದ ‘ಕ’ ಹಬ್ಬತೊಡಗಿತು, ಹಬ್ಬಬಾರದ ಕಡೆಗೂ. “ಕಲಿ ಬಾಚು” ಎಂದು ತಲೆ ಒಡ್ಡಿದಾಗ ಗಾಬರಿಯಾಗಿ ಎಸ್‌ಟಿಡಿ ಬೂತಿಗೆ ಓಡಿ ಬಳ್ಳಾರಿಗೆ ಫೋನ್ ಮಾಡಿದೆ. ಆಕೆ ನಕ್ಕಳು. “ಹೊಸಾದು ಕೈಗೆ ಸಿಕ್ಕೈತಿ, ಎಲ್ಲಾ ಕಡಿ ಹಚ್ಚಿ ನೋಡಾಕತ್ಯಾಳ. ತಾನ ಸರಿ ಹೋಗತೈತಿ, ಸುಮ್ನಿರ್ರಿ.” ಸುಮ್ಮನಿರುವುದೇ ನನಗೆ ಆಗದ ಕೆಲಸ. ಆದರೂ ಕೆಲ ತಿಂಗಳಲ್ಲಿ ಎರಡೂ ಅಕ್ಷರ ತಮ್ಮ ತಮ್ಮ ಜಾಗ ಸೇರಿಕೊಂಡವು.

ಕೊನೆಯ ಸಲ ಹಗರಿಬೊಮ್ಮನಹಳ್ಳಿಯಿಂದ ಬರುವಾಗ ಅವಳು ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಮಾತಾಡಿದಳು. ನಾನು ಒಂದೊಂದೇ ‘ಕ’ವನ್ನು ಕಾಯುತ್ತಿದ್ದೆ. ಒಂದೂ ತಪ್ಪಲಿಲ್ಲ. ಊರು ಹತ್ತಿರವಾದಾಗ ಸೆರಗು ಜಗ್ಗಿದಳು.

“ಎರಡು ಸಲ ಕೇಳಿದೆ. ಯಾಕ ಸುಮ್ನ ಕುಂತಿ?”

ಅವಳು ಏನು ಕೇಳಿದ್ದಳೋ ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಇನ್ನೊಂದು ಸಲ ಹೇಳು ಅಂದೆ.

“ನಮ್ಮನ್ಯಾಗ ಬೆಕ್ಕು ಸಾಕೂಣೇನು?”

“ಸಾಕೂಣು” ಅಂದೆ.